ಒಂದು ದ್ವೀಪದೇಶದಷ್ಟು ಹೆಣ್ಣುಮಕ್ಕಳು

ಹಿಂದೂ ಮಹಾಸಾಗರದಲ್ಲಿ ಚದುರಿಕೊಂಡಿರುವ ಮಾಲ್ಡೀವ್ಸ್ ದೇಶದ ಜನಸಂಖ್ಯೆ 2022ರ ಗಣತಿಯಲ್ಲಿ 5.15 ಲಕ್ಷ. ದುಡಿಯಲು ಬಂದ ಹೊರದೇಶದವರೂ ಇದರಲ್ಲಿ ಸೇರಿದ್ದಾರೆ. 2011ರ ಗಣತಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯೊಂದರಲ್ಲೇ ಏಳು ವರ್ಷ ದಾಟಿಯೂ ಓದುಬರಹ ಬಾರದ ಹೆಣ್ಣುಮಕ್ಕಳು ಹತ್ತಿರ ಹತ್ತಿರ ಐದು ಲಕ್ಷ. ಜಿಲ್ಲೆಯ ಜನಸಂಖ್ಯೆ ಆಗ 25.66 ಲಕ್ಷ, ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 55.09. ಚಿಕ್ಕ ಮಕ್ಕಳನ್ನು ಬಿಟ್ಟು ಗುಣಿಸಿ ನೋಡಿದರೆ ಯಾರಿಗಾದರೂ ಇದೇ ಲೆಕ್ಕ ಸಿಗುತ್ತದೆ. ಒಂದು ಸ್ವತಂತ್ರ ದೇಶ, ಅದಕ್ಕೊಂದು ಬಾವುಟ, ಸಂಸತ್ತು, ವಿಶ್ವಸಂಸ್ಥೆಯಲ್ಲೊಂದು ಕುರ್ಚಿ. ಅಷ್ಟು ದೊಡ್ಡ ಜನಸಮೂಹ ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ತಾಲ್ಲೂಕುಗಳ ಹೊಲಗಳಲ್ಲಿ, ಶಹಾಬಾದದ ಫರ್ಸಿ ಗಣಿಗಳಲ್ಲಿ, ತಾಂಡಾಗಳಲ್ಲಿ ಅಕ್ಷರವಿಲ್ಲದೆ ಬದುಕುತ್ತಿತ್ತು. ಅತ್ತ ಮಾಲ್ಡೀವ್ಸಿನಲ್ಲಿ ಓದಲು ಬಲ್ಲವರು ನೂರಕ್ಕೆ 97ಕ್ಕೂ ಹೆಚ್ಚು.

ಇಂಥ ಪುಟ್ಟ ದೇಶಗಳ ಜನ 2050ರಲ್ಲಿ, 2100ರಲ್ಲಿ ಎಷ್ಟು ಓದಿರುತ್ತಾರೆ ಎಂದು ಮೊದಲೇ ಲೆಕ್ಕ ಹಾಕುವ ಶಾಸ್ತ್ರವೊಂದಿದೆ. ಆಸ್ಟ್ರಿಯಾದ ವಿಯೆನ್ನಾ ಬಳಿ ಇರುವ ಸಂಸ್ಥೆಯೊಂದರಲ್ಲಿ ವುಲ್ಫ್‌ಗ್ಯಾಂಗ್ ಲುಟ್ಸ್ ಮತ್ತು ಅವರ ಸಂಗಡಿಗರು ಇದನ್ನು ಬೆಳೆಸಿದರು. ಅವರು ಆಳವಾಗಿ ಅಧ್ಯಯನ ಮಾಡಿದ ದೇಶಗಳಲ್ಲಿ ಮಾರಿಷಸ್ ಒಂದು. ಅದೂ ದ್ವೀಪವೇ, ಜನ ಹನ್ನೆರಡೂವರೆ ಲಕ್ಷದಷ್ಟು, ಅಂದರೆ ನಮ್ಮ ಜಿಲ್ಲೆಯ ಅರ್ಧ. 1960ರ ದಶಕದ ಆರಂಭದಲ್ಲಿ ಅಲ್ಲಿ ಒಬ್ಬ ತಾಯಿಗೆ ಸರಾಸರಿ ಆರರಷ್ಟು ಮಕ್ಕಳು. ಒಂದೂವರೆ ದಶಕ ಕಳೆಯುವಷ್ಟರಲ್ಲಿ ಅದು ಮೂರರ ಆಸುಪಾಸಿಗೆ ಇಳಿದಿತ್ತು. ಕುಟುಂಬ ಯೋಜನೆಯ ಜೊತೆಗೆ ಹೆಣ್ಣುಮಕ್ಕಳ ಓದೂ ಅದಕ್ಕೆ ಕಾರಣ ಎಂದು ಲುಟ್ಸ್ ತೋರಿಸಿದರು. 1977ರಿಂದ ಅಲ್ಲಿ ಪ್ರೌಢಶಿಕ್ಷಣಕ್ಕೆ ಶುಲ್ಕವಿಲ್ಲ.

ಲೆಕ್ಕದ ವಿಧಾನ ಸರಳ. ಜನರನ್ನು ವಯಸ್ಸು, ಲಿಂಗ, ಓದಿನ ಮಟ್ಟದ ಪ್ರಕಾರ ಗುಂಪು ಮಾಡಿ, ಐದೈದು ವರ್ಷಕ್ಕೊಮ್ಮೆ ಪ್ರತಿ ಗುಂಪನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಬೇಕು. ಸತ್ತವರನ್ನು ಕಳೆಯಬೇಕು, ಹುಟ್ಟಿದವರನ್ನು ಕೆಳಗೆ ಸೇರಿಸಬೇಕು. ಓದಿದ ತಾಯಂದಿರ ಕೂಸುಗಳು ಸಾಯುವುದು ಕಡಿಮೆ, ಅವರು ಹೆರುವುದೂ ಕಡಿಮೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಕ್ಕೆಲ್ಲ ಆಧಾರವಾದದ್ದು ಒಂದೇ ಮಾತು: ಇಪ್ಪತ್ತೈದು ದಾಟಿದವರ ಶಾಲೆಯ ಮಟ್ಟ ಬದಲಾಗುವುದು ತೀರಾ ಅಪರೂಪ. ಹತ್ತನೆಯ ತರಗತಿ ಮುಗಿಸಿದವಳು ಎಂಬತ್ತನೆಯ ವಯಸ್ಸಿನಲ್ಲೂ ಹತ್ತನೆಯ ತರಗತಿ ಮುಗಿಸಿದವಳೇ. ಸಾಲಿ ಕಟ್ಟಿ ಹತ್ತದವಳು ಕೊನೆಯ ಉಸಿರಿನವರೆಗೂ ಆ ಸಾಲಿನಲ್ಲೇ ಇರುತ್ತಾಳೆ.

ಇದನ್ನು ನಮ್ಮೂರಿನ ಮೇಲೆ ಇಟ್ಟು ನೋಡಿದಾಗ ನನಗೆ ದಿಗಿಲಾಯಿತು. 1985ರಲ್ಲಿ ಚಿಂಚೋಳಿಯ ಒಂದು ತಾಂಡಾದಲ್ಲಿ ಹುಟ್ಟಿ, 1991ರಲ್ಲಿ ಒಂದನೆಯ ತರಗತಿಗೆ ಸೇರದೆ ಉಳಿದ ಹುಡುಗಿಗೆ 2011ರ ಗಣತಿಯಲ್ಲಿ 26 ವರ್ಷ. 2027ರ ಗಣತಿಗೆ 42. 2050ಕ್ಕೆ 65. ಅವಳನ್ನು ಶಾಲೆಗೆ ಕಳಿಸದ ಒಂದು ಜೂನ್ ತಿಂಗಳು ಐದಾರು ಗಣತಿಗಳ ಅಂಕಿಯಲ್ಲಿ ಕುಳಿತಿರುತ್ತದೆ. ಈಗ ಇಪ್ಪತ್ತು ವಯಸ್ಸಾಗಿ ಶಾಲೆಯನ್ನೇ ಕಾಣದವರಿಗೆ 2090ರ ಹೊತ್ತಿಗೆ 85 ಆಗುತ್ತದೆ. ನಾಳೆಯಿಂದಲೇ ಪ್ರತಿ ಕೂಸೂ ಶಾಲೆಗೆ ಹೋಗಿ ಪಾಸಾದರೂ, ಇಡೀ ಜಿಲ್ಲೆಯ ಅಂಕಿ ನೂರಕ್ಕೆ ನೂರು ಮುಟ್ಟುವುದು 2090ರ ಆಚೀಚೆ. ಒಂದು ಸಿಮೆಂಟು ಕಾರ್ಖಾನೆ ಎಬ್ಬಿಸಲು ಮೂರೋ ನಾಲ್ಕೋ ವರ್ಷ ಸಾಕು. ಒಂದು ಪೀಳಿಗೆಯ ಓದನ್ನು ಬದಲಿಸಲು ಒಂದು ಪೀಳಿಗೆಯ ಆಯುಷ್ಯವೇ ಬೇಕು.

ಕಾರ್ಖಾನೆಗಳು, ರೈಲು ನಮಗೆ ಎಷ್ಟು ಬೇಗ ಬಂದವು ನೋಡಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. 1936ರಲ್ಲಿ ಎಸಿಸಿ ಕಂಪನಿ ಹುಟ್ಟುವ ಹೊತ್ತಿಗೆ ಶಹಾಬಾದ ಆಗಲೇ ಸಿಮೆಂಟಿನ ಊರು. ಆದರೆ 1951ರಲ್ಲಿ, ರೈಲು ಬಂದು 77 ವರ್ಷವಾದ ಮೇಲೂ, ನಾವು ಆಗ ಸೇರಿದ್ದ ಹೈದರಾಬಾದ್ ರಾಜ್ಯದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಇಡೀ ದೇಶದ ಸರಾಸರಿಯೇ 18.33 ಇದ್ದ ಕಾಲದಲ್ಲಿ ನಾವು ಅದರ ಅರ್ಧದಷ್ಟಿದ್ದೆವು.

ಇದು ಅಕ್ಷರವನ್ನೇ ಕಾಣದ ನಾಡಾಗಿದ್ದರೆ ಬೇರೆ ಮಾತು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. 1058ರ ಶಾಸನ ಅದರ ಲೆಕ್ಕವನ್ನೇ ಕಲ್ಲಿನಲ್ಲಿ ಕೊರೆದಿಟ್ಟಿದೆ: ವೇದ ಓದುವ ವಿದ್ಯಾರ್ಥಿಗಳು 200, ಶಾಸ್ತ್ರ ಓದುವವರು ಐವತ್ತರಷ್ಟು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಮತ್ತು ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ಇವತ್ತು ನಮ್ಮ ತಾಲ್ಲೂಕುಗಳನ್ನೆಲ್ಲ ಸುತ್ತಿದರೆ ಒಬ್ಬನಾದರೂ ಗ್ರಂಥಪಾಲಕನಿರುವ ಸರಕಾರಿ ಪ್ರೌಢಶಾಲೆಗಳು ಎಷ್ಟು ಸಿಕ್ಕಾವು? ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷನನ್ನು ಹೊಗಳಿ ‘ಗಣಿತಸಾರಸಂಗ್ರಹ’ವನ್ನು ಶುರುಮಾಡಿದ ಮಹಾವೀರಾಚಾರ್ಯ ಅದರಲ್ಲಿ 24 ಸ್ಥಾನಗಳವರೆಗೆ ಸಂಖ್ಯೆಗಳಿಗೆ ಹೆಸರು ಕೊಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ, ಒಂದರ ಮುಂದೆ 23 ಸೊನ್ನೆ. ಶಹಾಬಾದದ ಹತ್ತಿರದ ಮರತೂರು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು. ಭಾರತದ ಬಹುಭಾಗದಲ್ಲಿ ಆಸ್ತಿ ಪಾಲಾದದ್ದು ಆ ಗ್ರಂಥದ ಪ್ರಕಾರ. ಆ ಓದು ಎಲ್ಲರ ಮಕ್ಕಳಿಗಾಗಿ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಗಣಿಯಲ್ಲಿ ಕಲ್ಲು ಒಡೆಯುವವರ ಮನೆತನಗಳಿಗೆ ಆಗಲೂ ಅದು ದಕ್ಕಲಿಲ್ಲ. ನಾಗಾವಿಯ ಶಾಸನದಿಂದ 1980ರ ಗುಲ್ಬರ್ಗಾ ವಿಶ್ವವಿದ್ಯಾಲಯದವರೆಗೆ 922 ವರ್ಷ.

ಈಚಿನ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 2001ರಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 50ರಷ್ಟಿತ್ತು, 2011ರಲ್ಲಿ 64.85. ಹತ್ತು ವರ್ಷದಲ್ಲಿ ದೊಡ್ಡ ಜಿಗಿತ. ಆದರೆ ನಡುವೆ 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಅದರ ಸಾಕ್ಷರತೆ 51.83. ಹಿಂದುಳಿದ ಭಾಗ ಆಚೆ ಹೋದದ್ದರಿಂದಲೂ ನಮ್ಮ ಅಂಕಿ ಏರಿತು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿಯ ಘೋಷಣೆಯೂ ಬಂತು.

ಕೋಟಿಗಳನ್ನು ಬಿಟ್ಟು ಒಂದು ಹಾಜರಿ ಪುಸ್ತಕ ತೆರೆಯಿರಿ. ಡಿಸೆಂಬರ್ ಬಂತೆಂದರೆ ತೊಗರಿ ರಾಶಿ. ಜೂನಿನಿಂದ ಸಾಲಾಗಿ ನಡೆದುಬಂದ ಟಿಕ್ ಗುರುತುಗಳ ನಡುವೆ ಒಂದೊಂದೇ ಹೆಸರಿನ ಮುಂದೆ ಗೈರುಹಾಜರಿಯ ‘ಗೈ’ ಬೀಳತೊಡಗುತ್ತದೆ. ಮೊದಲು ವಾರಕ್ಕೆರಡು, ಆಮೇಲೆ ಸಾಲುಸಾಲು. ಅಪ್ಪ ಅವ್ವ ಮುಂಬೈಗೋ ಪುಣೆಗೋ ಗುಳೆ ಹೋದ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಉಳಿಯುವುದು ಏಳನೆಯ ತರಗತಿಯ ಅಕ್ಕ. ಕೇಳಿದರೆ ಅಜ್ಜಿ ಹೇಳುವುದು ಇಷ್ಟೇ: “ಏನ್ ಮಾಡೂದ್ರಿ ಸರ್, ಹೊಟ್ಟಿ ಕೇಳಬೇಕಲ್ಲ.” ಆ ಅಜ್ಜಿಯ ಮೇಲೆ ಸಿಟ್ಟಾಗಲು ನನಗೆ ಸಾಧ್ಯವಿಲ್ಲ. ಆದರೆ ಅವಳ ಮೊಮ್ಮಗಳ ಹೆಸರಿನ ಮುಂದಿನ ಆ ‘ಗೈ’ಗಳ ಪರಿಣಾಮ 2080ರ ಲೆಕ್ಕದಲ್ಲೂ ಕಾಣಲಿದೆ. ಹೆತ್ತವರು ದೂರ ಹೋದಾಗ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಹಂಗಾಮಿ ವಸತಿನಿಲಯ ಪ್ರತಿ ಹೋಬಳಿಗೂ ಬೇಕು ಎಂದು ನಾನು ವಾದಿಸುವುದು ಇದಕ್ಕಾಗಿಯೇ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ನೂರಕ್ಕೆ 91.12 ಪಡೆದು ಮೊದಲಾಯಿತು. ಕಲಬುರಗಿ 42.43 ಪಡೆದು ಕೊನೆಯಾಯಿತು. ಪರೀಕ್ಷೆಗೆ ಕೂತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಉಳಿದುಕೊಂಡರು. ಫಲಿತಾಂಶದ ವಾರ ಪತ್ರಿಕೆಗಳಲ್ಲಿ ಗದ್ದಲವಾಗುತ್ತದೆ, ಅಧಿಕಾರಿಗಳಿಗೆ ನೋಟಿಸು ಹೋಗುತ್ತದೆ, ಮುಂದಿನ ವರ್ಷದ ಮಕ್ಕಳತ್ತ ಎಲ್ಲರ ಗಮನ ತಿರುಗುತ್ತದೆ. ಉಳಿದುಕೊಂಡವರು ಎಲ್ಲಿ ಹೋದರು ಎಂದು ಕೇಳುವವರು ಕಡಿಮೆ. ಈ ಮಕ್ಕಳು ಬಹುಪಾಲು 2009ರ ಆಸುಪಾಸು ಹುಟ್ಟಿದವರು. 25 ತುಂಬುವುದು 2034ರಲ್ಲಿ. ಆ ವರ್ಷವೇ ಎರಡನೆಯ, ಮೂರನೆಯ ಪರೀಕ್ಷೆಯ ಅವಕಾಶವಿತ್ತು, ಅದೂ ತಪ್ಪಿದವರಿಗೆ ಮುಂದಿನ ವರ್ಷಗಳದ್ದಿದೆ. ಅವರ ಹೆಸರು, ಅಪ್ಪನ ಹೆಸರು, ಬಿದ್ದ ವಿಷಯ, ಎಲ್ಲವೂ ಪ್ರತಿ ಶಾಲೆಯ ಮುಖ್ಯ ಗುರುಗಳ ಬಳಿ ಪಟ್ಟಿಯಾಗಿ ಇವೆ. ಆ ಪಟ್ಟಿ ಹಿಡಿದು ಮನೆಮನೆಗೆ ಹೋಗಲು 2034ರವರೆಗೆ ಸಮಯವಿದೆ.