ಮಾಯಾಶಾಲೆಯ ಹಿಂಬಾಗಿಲು

ಕಣ್ಕಟ್ಟಿನ ಆಟ ತೋರಿಸುವವನು ತನ್ನ ಜೋಳಿಗೆಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಗುಟ್ಟು ಬಯಲಾದರೆ ಆಟದ ಸೊಗಸು ಕೆಡುತ್ತದೆ, ಸೊಗಸು ಕೆಟ್ಟರೆ ಹೊಟ್ಟೆಯ ಪಾಡೂ ಕೆಡುತ್ತದೆ ಎಂಬುದು ಅವನ ಹಳೆಯ ನಂಬಿಕೆ. ನಾಟಕದವರೂ ಬಹುಮಟ್ಟಿಗೆ ಇದೇ ಮತದವರು. ಬಣ್ಣದ ಮನೆಯೊಳಗೆ ಹೊರಗಿನವರು ಕಾಲಿಡುವುದನ್ನು ಅವರು ಮೆಚ್ಚರು. ಆದರೆ ಇಂಗ್ಲೆಂಡಿನ ಲೀವ್ಸ್‌ಡನ್ ಎಂಬಲ್ಲಿ ಈ ಮತಕ್ಕೆ ನೇರ ವಿರುದ್ಧವಾದ ಸಾಹಸವೊಂದು 2012ರಿಂದ ನಡೆದುಬಂದಿದೆ. ಅಲ್ಲಿ ಮಾಯೆಯ ಜೋಳಿಗೆಯನ್ನು ಒಳಹೊರಗು ಮಾಡಿ ತೋರಿಸುತ್ತಾರೆ. ಅದನ್ನು ನೋಡಲು ಹಲವು ದೇಶಗಳಿಂದ ಜನ ಮಕ್ಕಳುಮರಿಗಳೊಡನೆ ಬರುತ್ತಾರೆ. ಐವತ್ತು ಪೌಂಡಿಗೂ ಮಿಕ್ಕಿದ ಪ್ರವೇಶಧನವನ್ನು ತೆತ್ತು ಒಳಹೋಗುತ್ತಾರೆ.

ಜೆ. ಕೆ. ರೌಲಿಂಗ್ ಎಂಬ ಲೇಖಕಿ ಸೃಷ್ಟಿಸಿದ ಹ್ಯಾರಿ ಪಾಟರ್ ಎಂಬ ಬಾಲಕನ ಕಥೆಯನ್ನು ಇಂದು ಅರಿಯದ ಮನೆ ವಿರಳ. ತಂದೆತಾಯಿಗಳಿಲ್ಲದ ಹುಡುಗ, ದೊಡ್ಡಮ್ಮನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡೇ ಅವನ ಮಲಗುವ ಕೋಣೆ. ಹನ್ನೊಂದು ತುಂಬಿದಾಗ ತಾನು ಮಾಂತ್ರಿಕರ ಕುಲದವನೆಂದು ತಿಳಿದು, ಹಾಗ್ವಾರ್ಟ್ಸ್ ಎಂಬ ಮಾಯಾಶಾಲೆಗೆ ವಿದ್ಯಾರ್ಥಿಯಾಗಿ ಸೇರುತ್ತಾನೆ. ಮೊದಲ ಪುಸ್ತಕ 1997ರಲ್ಲಿ ಪ್ರಕಟವಾಯಿತು. ಏಳು ಪುಸ್ತಕಗಳ ಈ ಕಥೆಯನ್ನು ವಾರ್ನರ್ ಬ್ರದರ್ಸ್ ಸಂಸ್ಥೆಯವರು 2001ರಿಂದ 2011ರವರೆಗೆ ಎಂಟು ಚಲಚ್ಚಿತ್ರಗಳಾಗಿ ತೆರೆಗೆ ತಂದರು. ಆ ಎಂಟು ಚಿತ್ರಗಳ ತವರುಮನೆಯೇ ಲೀವ್ಸ್‌ಡನ್.

ವಿಮಾನದ ಕಾರ್ಖಾನೆ

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಇಪ್ಪತ್ತು ನಿಮಿಷಗಳ ಸುಮಾರಿಗೆ ವಾಟ್‌ಫರ್ಡ್ ಜಂಕ್ಷನ್ ಬರುತ್ತದೆ. ಅಲ್ಲಿಂದ ಬಸ್ಸಿನ ಪಯಣ. ಟಿಕೇಟನ್ನು ಮುಂದಾಗಿಯೇ ಕಾದಿರಿಸಬೇಕು. ಬಾಗಿಲಲ್ಲಿ ನಿಂತು ಕೊಳ್ಳುವೆನೆಂದರೆ ದೊರೆಯದು. ಬಸ್ಸಿನಿಂದ ಇಳಿದವರ ಕಣ್ಣಿಗೆ ಬೀಳುವುದು ಗೋಪುರಗಳ ಕೋಟೆಯಲ್ಲ, ಉಗ್ರಾಣದಂತಹ ಬೃಹತ್ ಕಟ್ಟಡಗಳು. ಮಕ್ಕಳ ಮುಖ ಅರೆಗಳಿಗೆ ಸಪ್ಪಗಾದರೆ ಅದು ಅವರ ತಪ್ಪಲ್ಲ.

ಈ ಸ್ಥಳದ ಪೂರ್ವಚರಿತ್ರೆ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಇಲ್ಲಿ ವಿಮಾನಗಳ ಕಾರ್ಖಾನೆ ತಲೆಯೆತ್ತಿತು. ಹ್ಯಾಲಿಫ್ಯಾಕ್ಸ್ ಎಂಬ ಭಾರಿ ಬಾಂಬರುಗಳೂ ಡಿ ಹ್ಯಾವಿಲೆಂಡ್ ಕಂಪೆನಿಯ ಮಸ್ಕೀಟೋ ವಿಮಾನಗಳೂ ಇಲ್ಲಿ ಸಿದ್ಧವಾದವು. ಮಸ್ಕೀಟೋ ಮರದ ವಿಮಾನ. ಲೋಹ ದುರ್ಲಭವಾಗಿದ್ದ ಆ ದಿನಗಳಲ್ಲಿ ಪ್ಲೈವುಡ್ಡನ್ನೂ ಹಗುರವಾದ ಬಾಲ್ಸಾ ಮರವನ್ನೂ ಅಂಟಿಸಿ ಅದರ ಮೈಯನ್ನು ರೂಪಿಸುತ್ತಿದ್ದರು. ಕುರ್ಚಿ ಮೇಜು ಮಾಡುತ್ತಿದ್ದ ಬಡಗಿಗಳು ಅದರ ಭಾಗಗಳನ್ನು ಸಿದ್ಧಪಡಿಸಿಕೊಟ್ಟರು. ಯುದ್ಧಾನಂತರ ಇದೇ ಕಾರ್ಖಾನೆ ರೋಲ್ಸ್ ರಾಯ್ಸ್ ಕಂಪೆನಿಯ ಕೈಸೇರಿ, ಹೆಲಿಕಾಪ್ಟರುಗಳ ಎಂಜಿನುಗಳನ್ನು ತಯಾರಿಸಿತು. 1990ರ ದಶಕದ ಮೊದಲಲ್ಲಿ ಅದರ ಬಾಗಿಲು ಮುಚ್ಚಿತು.

ಪಾಳುಬಿದ್ದ ಆ ಜಾಗದ ಬೆಲೆಯನ್ನು ಚಿತ್ರೋದ್ಯಮಿಗಳು ಗುರುತಿಸಿದರು. ವಿಮಾನ ನಿಲ್ಲುವಷ್ಟು ಅಗಲವಾದ, ಎತ್ತರವಾದ, ನಡುವೆ ಕಂಬಗಳ ಅಡ್ಡಿಯಿಲ್ಲದ ಶಾಲೆಗಳು ಸುಲಭವಾಗಿ ಎಲ್ಲಿ ದೊರೆತಾವು? ಜೇಮ್ಸ್ ಬಾಂಡನ ಗೋಲ್ಡನ್ ಐ ಚಿತ್ರ 1995ರಲ್ಲಿ ಇಲ್ಲಿ ತಯಾರಾಯಿತು. 2000ದಲ್ಲಿ ಹ್ಯಾರಿ ಪಾಟರನ ಪರಿವಾರ ಬಂದಿಳಿಯಿತು. ಹತ್ತು ವರ್ಷ ಕದಲಲಿಲ್ಲ. ಮರವನ್ನು ಗಗನಕ್ಕೇರಿಸಿದ ಅಂಗಳದಲ್ಲಿ ಮತ್ತೆ ಬಡಗಿಗಳ ಉಳಿ ಸುತ್ತಿಗೆಗಳ ಸದ್ದು ಕೇಳಿಬಂದಿತು.

ಚಿತ್ರ ಮುಗಿದೊಡನೆ ಸೆಟ್ಟುಗಳನ್ನು ಕೆಡವಿಹಾಕುವುದು ಸಿನಿಮಾದವರ ವಾಡಿಕೆ. ಆದರೆ ಇಲ್ಲಿ ಮುಂದಿನ ಚಿತ್ರ ಸದಾ ಕಾದಿರುತ್ತಿದ್ದುದರಿಂದ ಅನೇಕ ಸೆಟ್ಟುಗಳನ್ನೂ ಸಾಮಗ್ರಿಗಳನ್ನೂ ಜೋಪಾನವಾಗಿ ಇರಿಸಲಾಯಿತು. ವಾರ್ನರ್ ಬ್ರದರ್ಸ್ ಸಂಸ್ಥೆ 2010ರಲ್ಲಿ ಈ ಸ್ಥಳವನ್ನೇ ಕೊಂಡಿತು. 2012ರ ಮಾರ್ಚ್ 31ರಂದು ಪ್ರದರ್ಶನವನ್ನು ಸಾರ್ವಜನಿಕರಿಗೆ ತೆರೆಯಿತು. ಪಕ್ಕದ ಕಟ್ಟಡಗಳಲ್ಲಿ ಇಂದಿಗೂ ಬೇರೆ ಚಿತ್ರಗಳ ಕೆಲಸ ಸಾಗಿದೆ.

ಮಹಾಭೋಜನಶಾಲೆ

ಒಳಗೆ ಕಾಣುವ ವಸ್ತುಗಳಲ್ಲಿ ಹ್ಯಾರಿಯ ಭೋಜನಶಾಲೆಗೆ ಅಗ್ರಸ್ಥಾನ. ನೂರಿಪ್ಪತ್ತು ಅಡಿ ಉದ್ದ, ನಲವತ್ತು ಅಡಿ ಅಗಲ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಭೋಜನಶಾಲೆಯೇ ಇದಕ್ಕೆ ಸ್ಫೂರ್ತಿ. ಕಾಲಡಿಯ ನೆಲವನ್ನು ಮುಟ್ಟಿ ನೋಡಿದವರಿಗೆ ಮೊದಲ ಅಚ್ಚರಿ ಕಾದಿರುತ್ತದೆ. ಸಿನಿಮಾದ ಕಲ್ಲೆಂದರೆ ಬಣ್ಣ ಬಳಿದ ಹಲಗೆಯೆಂಬ ಎಣಿಕೆ ಇಲ್ಲಿ ಸುಳ್ಳಾಗುತ್ತದೆ. ಅದು ಯಾರ್ಕ್‌ಷೈರಿನ ನಿಜವಾದ ಕಲ್ಲು. ಆಯ್ಕೆ ದುಬಾರಿಯಾದುದೇ. ಆದರೆ ವರ್ಷಾನುಗಟ್ಟಲೆ ನೂರಾರು ಮಕ್ಕಳೂ ಕ್ಯಾಮೆರಾ ಗಾಡಿಗಳೂ ಓಡಾಡಿದರೂ ನೆಲ ಬಾಳಿಕೆ ಬಂದಿತು. ಈಗ ಪ್ರವಾಸಿಗರ ಕಾಲ್ತುಳಿತವನ್ನೂ ತಾಳಿಕೊಂಡಿದೆ.

ತಲೆಯೆತ್ತಿ ನೋಡಿದರೆ ಎರಡನೆಯ ಅಚ್ಚರಿ: ಚಾವಣಿಯೇ ಇಲ್ಲ! ಚಿತ್ರದಲ್ಲಿ ಆಗಸದಂತೆ ತೋರುವ ಆ ಮಾಯಾ ಚಾವಣಿ ಯಂತ್ರಗಣಕದ ಕೈವಾಡ. ಗಾಳಿಯಲ್ಲಿ ತೇಲುವ ಮೇಣದ ಬತ್ತಿಗಳಿಗೂ ಒಂದು ಕಥೆಯಿದೆ. ಮೊದಲು ನಿಜವಾದ ಜ್ವಾಲೆಯ ದೀಪಗಳನ್ನು ಸಣ್ಣ ತಂತಿಗಳಿಂದ ತೂಗುಬಿಟ್ಟಿದ್ದರು. ಉರಿಯ ಕಾವಿಗೆ ತಂತಿ ತುಂಡಾಗಿ ದೀಪಗಳು ಕೆಳಗೆ ಬೀಳತೊಡಗಿದವು. ಕೆಳಗೆ ಎಳೆಯ ಮಕ್ಕಳು. ಅಲ್ಲಿಂದ ಮುಂದೆ ಆ ದೀಪಗಳೂ ಗಣಕದ ಪಾಲಾದವು.

ಈ ಸೃಷ್ಟಿಗೆಲ್ಲ ಸೂತ್ರಧಾರ ಕಲಾನಿರ್ದೇಶಕ ಸ್ಟುವರ್ಟ್ ಕ್ರೇಗ್. ಭಾರತೀಯರಿಗೆ ಇವರು ತೀರ ಅಪರಿಚಿತರಲ್ಲ. ರಿಚರ್ಡ್ ಅಟೆನ್‌ಬರೋ ಅವರ ಗಾಂಧಿ ಚಿತ್ರಕ್ಕೆ ಆಶ್ರಮವನ್ನೂ ಬೀದಿಗಳನ್ನೂ ರೂಪಿಸಿದ ತಂಡದ ಮುಂದಾಳು ಇವರೇ. ಭಾನು ಅಥೈಯಾ ಅವರಿಗೆ ವಸ್ತ್ರವಿನ್ಯಾಸಕ್ಕಾಗಿ ಆಸ್ಕರ್ ತಂದಿತ್ತ ಅದೇ ಚಿತ್ರ ಕ್ರೇಗ್ ಅವರಿಗೂ ಅವರ ಸಹಕಾರಿಗಳಿಗೂ ಕಲಾನಿರ್ದೇಶನದ ಆಸ್ಕರನ್ನು ದೊರಕಿಸಿತು. ಸಾಬರಮತಿಯ ಸರಳತೆಯನ್ನು ಕಲ್ಪಿಸಿದ ಕೈಯೇ ಹಾಗ್ವಾರ್ಟ್ಸಿನ ವೈಭವವನ್ನೂ ಕಲ್ಪಿಸಿತು. ಸೆಟ್ಟುಗಳನ್ನು ವಸ್ತುಗಳಿಂದ ತುಂಬಿದವರು ಸ್ಟೆಫನಿ ಮ್ಯಾಕ್‌ಮಿಲನ್.

ಹುಸಿಯೊಳಗಿನ ದಿಟ

ಆಕೆಯ ಜಾಣ್ಮೆಯನ್ನು ಅರಿಯಲು ಮುಖ್ಯೋಪಾಧ್ಯಾಯ ಡಂಬಲ್‌ಡೋರರ ಕೋಣೆಗೆ ಹೋಗಬೇಕು. ಗೋಡೆಯುದ್ದಕ್ಕೂ ಚರ್ಮದ ಹೊದಿಕೆಯ ಪ್ರಾಚೀನ ಗ್ರಂಥಗಳು. ನೋಡಿದವರಿಗೆ ಭಯಭಕ್ತಿ ಮೂಡಬೇಕು. ಆ ಹೊದಿಕೆಯೊಳಗೆ ಅಡಗಿರುವುವಾದರೋ ಹಳೆಯ ಟೆಲಿಫೋನ್ ಡೈರೆಕ್ಟರಿಗಳು! ಮದ್ದು ಕಲಿಸುವ ತರಗತಿಯ ನೂರಾರು ಗಾಜಿನ ಭರಣಿಗಳಲ್ಲಿ ಒಣಗಿದ ಎಲೆಗಳಿವೆ, ಕಸಾಯಿ ಅಂಗಡಿಯಿಂದ ತಂದ ಮೂಳೆಗಳಿವೆ, ಮಕ್ಕಳಾಡುವ ಪ್ಲಾಸ್ಟಿಕ್ ಪ್ರಾಣಿಗಳೂ ಇವೆ. ಶಾಲೆಯ ಗೋಡೆಗಳ ಮೇಲಿನ ಗಂಭೀರ ಭಾವಚಿತ್ರಗಳನ್ನು ಕಲಾವಿದರು ಕೈಯಿಂದಲೇ ಬರೆದರು. ಅವುಗಳಲ್ಲಿ ಕೆಲವಕ್ಕೆ ಚಿತ್ರತಂಡದವರೇ ಗತಕಾಲದ ಮಾಂತ್ರಿಕರಂತೆ ಮುಖಕೊಟ್ಟು ಕುಳಿತಿದ್ದರು.

ದೈತ್ಯದೇಹದ ಹ್ಯಾಗ್ರಿಡನನ್ನು ತೋರಿಸಿದ ಉಪಾಯವಂತೂ ಸರಳವಾದುದು. ಅವನ ಗುಡಿಸಲನ್ನು ಎರಡು ಅಳತೆಗಳಲ್ಲಿ ಕಟ್ಟಿದರು. ದೊಡ್ಡ ಅಳತೆಯ ಗುಡಿಸಲಲ್ಲಿ ಮಕ್ಕಳು ನಿಂತರೆ ಕುರ್ಚಿ ಲೋಟಗಳ ಮುಂದೆ ಕುಬ್ಜರಾಗಿ ಕಾಣುತ್ತಿದ್ದರು. ಸಣ್ಣ ಅಳತೆಯದರಲ್ಲಿ ನಟ ರಾಬಿ ಕೋಲ್ಟ್ರೇನ್ ಕುಳಿತರೆ ಮನೆಯೇ ಅವರಿಗೆ ಕಿರಿದಾಗಿ ತೋರುತ್ತಿತ್ತು. ದೂರದ ದೃಶ್ಯಗಳಿಗೆ ಮಾರ್ಟಿನ್ ಬೇಫೀಲ್ಡ್ ಎಂಬ ಮಾಜಿ ರಗ್ಬಿ ಆಟಗಾರ ಅದೇ ವೇಷ ಧರಿಸಿ ನಿಲ್ಲುತ್ತಿದ್ದರು. ಅವರ ಎತ್ತರ ಆರಡಿ ಹತ್ತಂಗುಲ.

ಗಂಡುಮಕ್ಕಳ ಮಲಗುವ ಕೋಣೆಯ ಮಂಚಗಳು ಮಾತ್ರ ಬೇರೊಂದು ಬಗೆಯ ದಿಟವನ್ನು ಹೇಳುತ್ತವೆ. 2000ದಲ್ಲಿ ಚಿತ್ರೀಕರಣ ಆರಂಭವಾದಾಗ ಡೇನಿಯಲ್ ರಾಡ್‌ಕ್ಲಿಫ್‌ಗೆ ಹನ್ನೊಂದು ವರ್ಷ, ಎಮ್ಮಾ ವಾಟ್ಸನ್‌ಗೆ ಹತ್ತು, ರೂಪರ್ಟ್ ಗ್ರಿಂಟ್‌ಗೆ ಹನ್ನೆರಡು. ಆ ವಯಸ್ಸಿಗೆ ಹೊಂದುವಂತೆ ಮಾಡಿದ ಮಂಚಗಳು. ಹುಡುಗರು ಬೆಳೆದರು, ಮಂಚಗಳು ಬೆಳೆಯಲಿಲ್ಲ. ಹೊರಚಾಚಿದ ಕಾಲುಗಳು ಕಾಣದಂತೆ ಕ್ಯಾಮೆರಾವನ್ನು ಇರಿಸಬೇಕಾಯಿತು. ಚಿತ್ರೀಕರಣದ ನಡುವೆಯೇ ಆ ಮಕ್ಕಳಿಗೆ ಉಪಾಧ್ಯಾಯರು ಪಾಠ ಹೇಳುತ್ತಿದ್ದರು. ಬಾಲನಟರ ವಿದ್ಯಾಭ್ಯಾಸ ನಿಲ್ಲಕೂಡದೆಂಬುದು ಅಲ್ಲಿಯ ಕಾನೂನು. ಮಾಯಾಶಾಲೆಯ ಮಕ್ಕಳಿಗೂ ಗಣಿತದಿಂದ ಬಿಡುಗಡೆಯಿರಲಿಲ್ಲವೆಂದು ತಿಳಿದಾಗ, ನೋಡಬಂದ ಮಕ್ಕಳಿಗೆ ಸಮಾಧಾನವಾಗುತ್ತದೋ ನಿರಾಶೆಯಾಗುತ್ತದೋ ಹೇಳುವುದು ಕಷ್ಟ.

2015ರಲ್ಲಿ ಸೇರಿಸಿದ ಒಂದು ಭಾಗದಲ್ಲಿ ಹಾಗ್ವಾರ್ಟ್ಸ್‌ಗೆ ಹೋಗುವ ಕೆಂಪು ರೈಲಿನ ಉಗಿ ಎಂಜಿನು ನಿಂತಿದೆ. ಇದು ಅಟ್ಟೆಯ ಬೊಂಬೆಯಲ್ಲ. ಓಲ್ಟನ್ ಹಾಲ್ ಎಂಬ ಹೆಸರಿನಿಂದ 1937ರಲ್ಲಿ ಸ್ವಿಂಡನ್ನಿನಲ್ಲಿ ಹುಟ್ಟಿ, 1963ರವರೆಗೆ ದುಡಿದು, ಬಳಿಕ ವೇಲ್ಸಿನ ಬ್ಯಾರಿ ಎಂಬಲ್ಲಿ ಗುಜರಿಯ ಪಾಲಾಗಿದ್ದ ಎಂಜಿನು. ರೈಲುಪ್ರೇಮಿಗಳು 1981ರಲ್ಲಿ ಅದನ್ನು ಅಲ್ಲಿಂದ ಪಾರುಮಾಡದಿದ್ದರೆ ಎಂದೋ ಕಬ್ಬಿಣದ ಚೂರಾಗುತ್ತಿತ್ತು.

ಕೋಣೆಯೊಳಗಿನ ಕೋಟೆ

ಸಂದರ್ಶನದ ಕೊನೆಯ ಭಾಗದಲ್ಲಿ ಹಾಗ್ವಾರ್ಟ್ಸ್ ಕೋಟೆಯೇ ಎದುರಾಗುತ್ತದೆ. ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ಅಳತೆಯಲ್ಲಿ ನಿರ್ಮಿಸಿದ ಈ ಮಾದರಿಯ ಅಡ್ಡಳತೆ ಸುಮಾರು ಐವತ್ತು ಅಡಿ. ಮೊದಲ ಚಿತ್ರಕ್ಕಾಗಿ 86 ಮಂದಿ ಕಲಾವಿದರೂ ಕೆಲಸಗಾರರೂ ಕೂಡಿ ಕಟ್ಟಿದುದು. ಮುಂದಿನ ಚಿತ್ರಗಳಲ್ಲಿ ತಿದ್ದಿ ಬೆಳೆಸಿದುದು. ದುಡಿದವರೆಲ್ಲರ ಗಂಟೆಗಳನ್ನು ಕೂಡಿಸಿದರೆ ಒಬ್ಬ ಮನುಷ್ಯನ 74 ವರ್ಷಗಳ ದುಡಿಮೆಯಾದೀತೆಂದು ಅಲ್ಲಿಯವರು ಲೆಕ್ಕ ಕೊಡುತ್ತಾರೆ. ನಿಜವಾದ ಜಲ್ಲಿ, ನಿಜವಾದ ಗಿಡಗಳು. ಪುಟ್ಟ ಬಾಗಿಲುಗಳಿಗೆ ತಿರುಗುವ ಕೀಲುಗಳು. ಎರಡೂವರೆ ಸಾವಿರಕ್ಕೂ ಹೆಚ್ಚು ಸಣ್ಣ ದೀಪಗಳು ಕಿಟಕಿಗಳಲ್ಲಿ ಮಿನುಗುತ್ತವೆ. ಕೋಣೆಯ ಬೆಳಕು ಹಗಲಾಗಿ, ಸಂಜೆಯಾಗಿ, ಇರುಳಾಗಿ ಮಾರ್ಪಡುತ್ತದೆ. ಇದು ಬೊಂಬೆಯ ಮನೆಯೆಂದು ಚೆನ್ನಾಗಿ ತಿಳಿದಿದ್ದ ದೊಡ್ಡವರೂ ಅಲ್ಲಿ ಮಾತು ನಿಲ್ಲಿಸುತ್ತಾರೆ.

ಇಷ್ಟು ಶ್ರಮದ ಕೋಟೆಗೂ ಒಂದು ದಿನ ನಿವೃತ್ತಿ ಬಂದಿತು. ಸರಣಿಯ ಕೊನೆಯ ಯುದ್ಧದ ವೇಳೆಗೆ ಕೋಟೆಯನ್ನು ಗಣಕದೊಳಗೇ ಕಟ್ಟಿ ಗಣಕದೊಳಗೇ ಕೆಡವಿದರು. ಉಳಿ, ಅರ, ಕುಂಚಗಳಿಂದ ಆರಂಭವಾದ ಕೆಲಸ ಹತ್ತೇ ವರ್ಷಗಳಲ್ಲಿ ಬಹುಮಟ್ಟಿಗೆ ಗಣಕದ ಮೇಜಿಗೆ ಸರಿದುದು ಇದರಿಂದ ಸ್ಪಷ್ಟವಾಗುತ್ತದೆ. ಗಣಕದ ಕುಶಲಿಗಳೂ ಕಲಾವಿದರೇ. ಅವರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರ ಕೋಟೆಯ ಸುತ್ತ ಮಗುವೊಂದು ಪ್ರದಕ್ಷಿಣೆ ಬರಲಾರದು, ಅದರ ಕಲ್ಲಿನ ಸಂದಿಗೆ ಕಣ್ಣಿಟ್ಟು ನೋಡಲಾರದು. ಒಂದು ಯುಗದ ಕೈಕಸುಬು ತಾನು ಹೀಗಿದ್ದೆನೆಂದು ಹೇಳಿಕೊಳ್ಳುವ ಅವಕಾಶ ಲೀವ್ಸ್‌ಡನ್ನಿನಲ್ಲಿ ಉಳಿದುಕೊಂಡಿದೆ. ಈ ಸ್ಥಳಕ್ಕಿರುವ ನಿಜವಾದ ಬೆಲೆ ಅದೇ.

ಇಲ್ಲಿ ವ್ಯಾಪಾರವಿಲ್ಲವೇ? ಧಾರಾಳವಾಗಿದೆ. ಹೆಸರಿನಲ್ಲಿ ಬಿಯರ್ ಇದ್ದರೂ ಮದ್ಯವಿಲ್ಲದ ಸಿಹಿಪಾನೀಯ ಮಾರಾಟಕ್ಕಿದೆ. ಪೊರಕೆಯ ಮೇಲೆ ಕುಳಿತು ಹಾರುವ ಭಾವಚಿತ್ರ ತೆಗೆಸಿಕೊಳ್ಳಬಹುದು. ಹೊರಬರುವ ದಾರಿಯಲ್ಲಿ ವಿಶಾಲವಾದ ಅಂಗಡಿ. ಮಂತ್ರದಂಡ, ನಿಲುವಂಗಿ, ಮಿಠಾಯಿಗಳ ರಾಶಿ. ಮಕ್ಕಳ ಬೇಡಿಕೆಗೂ ತಂದೆಯ ಜೇಬಿಗೂ ನಡೆಯುವ ಯುದ್ಧದಲ್ಲಿ ಗೆಲುವು ಯಾರದೆಂದು ಗೃಹಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಅಂಗಡಿಯನ್ನು ಮುಟ್ಟುವ ಮುನ್ನ ಒಂದು ಸಣ್ಣ ಕೋಣೆಯಿದೆ. ಅದರ ಗೋಡೆಗಳ ತುಂಬ ಮಂತ್ರದಂಡಗಳ ಪೆಟ್ಟಿಗೆಗಳು, ನಾಲ್ಕು ಸಾವಿರಕ್ಕೂ ಮೇಲ್ಪಟ್ಟು. ಒಂದೊಂದು ಪೆಟ್ಟಿಗೆಯ ಮೇಲೂ ಒಂದೊಂದು ಹೆಸರು. ಹೆಸರಾಂತ ನಟನಟಿಯರಿದ್ದಾರೆ, ನಿರ್ದೇಶಕರಿದ್ದಾರೆ, ಅವರ ಪಕ್ಕದಲ್ಲೇ ಬಡಗಿ, ದರ್ಜಿ, ಬಣ್ಣದವನು, ವಿದ್ಯುತ್ ಕೆಲಸಗಾರ ಇದ್ದಾರೆ. ಮೇಲು ಕೀಳೆಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಪೆಟ್ಟಿಗೆ.

ಮಹಾಭಾರತದ ಸಭಾಪರ್ವದಲ್ಲಿ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ದುರ್ಯೋಧನ ನಗೆಗೀಡಾದ ಸಭೆ ಪಾಂಡವರದು. ಆದರೂ ಅದನ್ನು ಮಯಸಭೆಯೆಂದು ಕರೆದು ನಮ್ಮ ಹಿರಿಯರು ಕಟ್ಟಿದವನ ಹೆಸರನ್ನು ಉಳಿಸಿದರು. ಗುಟ್ಟು ತಿಳಿದರೆ ಸೊಗಸು ಕೆಡುತ್ತದೆ ಎಂಬ ಕಣ್ಕಟ್ಟಿನವನ ಭಯ ಈ ಕೋಣೆಯಲ್ಲಿ ನಿಂತವರಿಗೆ ನಿಜವೆನಿಸುವುದಿಲ್ಲ. ಕೋಟೆ ಮಂತ್ರದಿಂದ ಏಳಲಿಲ್ಲ, ಇಷ್ಟು ಜನರ ದುಡಿಮೆಯಿಂದ ಎದ್ದಿತು ಎಂದು ತಿಳಿದ ಮೇಲೂ ಮಕ್ಕಳು ಮನೆಗೆ ಹೋಗಿ ಅವೇ ಚಿತ್ರಗಳನ್ನು ಮತ್ತೆ ನೋಡುತ್ತಾರೆ. ಈ ಸಲ ಅವರ ಕಣ್ಣು ಹ್ಯಾರಿಯೊಬ್ಬನ ಮೇಲೆಯೇ ನಿಲ್ಲದೆ, ಅವನ ಬೆನ್ನ ಹಿಂದಿನ ಗೋಡೆಯ ಮೇಲೂ ಒಂದಿಷ್ಟು ಹೊತ್ತು ಹರಿದಾಡುತ್ತದೆ.