ವಿವಿ ಮುಚ್ಚೋ ಮೊದಲು ಲೆಕ್ಕದ ಪುಸ್ತಕ ತೆರೀರಿ

"ಅಣ್ಣಾ, ಕೊನೆಗೆ ನಮ್ ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಯೂನಿವರ್ಸಿಟಿ ಹೆಸ್ರು ಬತ್ತದ?"

ಹರದನಹಳ್ಳಿಯ ದಿವ್ಯಲಿಂಗೇಶ್ವರ ದೇವಸ್ಥಾನದ ಎದುರು ಸಿಕ್ಕ ಹುಡುಗಿ ಕೇಳಿದ ಪ್ರಶ್ನೆ ಇದು. ಆಕೆ ಓದುತ್ತಿರುವುದು ಪಕ್ಕದಲ್ಲೇ ಇರುವ ಚಾಮರಾಜನಗರ ವಿಶ್ವವಿದ್ಯಾಲಯದಲ್ಲಿ, ಸ್ನಾತಕೋತ್ತರ ಪದವಿ. ಮನೆಯಲ್ಲಿ ಈ ಮಟ್ಟದ ಓದಿಗೆ ಬಂದ ಮೊದಲನೆಯವಳು. ನಾನು ಉತ್ತರ ಕೊಡಲಿಲ್ಲ. ಯಾಕಂದ್ರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಬಿಡಿಸದೆ ಇದಕ್ಕೆ ಉತ್ತರ ಹೇಳೋದು ಕಷ್ಟ: ಒಂದು ವಿವಿ ನಡೆಸೋಕೆ ನಿಜವಾಗಿ ಎಷ್ಟು ಖರ್ಚಾಗುತ್ತೆ, ಅದರಲ್ಲಿ ಪಾಠಕ್ಕೆಷ್ಟು, ಕಚೇರಿಗೆಷ್ಟು?

ಕಥೆ ನಿಮಗೆ ಗೊತ್ತಿರೋದೇ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದು, ಬೊಮ್ಮಾಯಿ ಸರ್ಕಾರ ಏಳು ಹೊಸ ವಿವಿಗಳನ್ನು ಹುಟ್ಟುಹಾಕಿತು. ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್. ಆರಂಭಕ್ಕೆ ತಲಾ 2 ಕೋಟಿ ರೂಪಾಯಿ. ಮುಖ್ಯಮಂತ್ರಿಗಳು ಕಾಲಿಡೋಕೇ ಹೆದರುತ್ತಿದ್ದ ನಮ್ಮ ಜಿಲ್ಲೆಗೂ ಒಂದು ವಿವಿ ಬಂತು ಅಂತ ಊರಲ್ಲಿ ಖುಷಿಪಟ್ಟವರಿದ್ದಾರೆ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಬೀದರ್ ಬಿಟ್ಟು ಉಳಿದ ಆರನ್ನೂ ಮಂಡ್ಯದಂಥ ಇನ್ನು ಮೂರನ್ನೂ ಸೇರಿಸಿ, ಒಂಬತ್ತು ವಿವಿಗಳನ್ನು ಮುಚ್ಚುವ ಮಾತಾಡಿತು. ದುಡ್ಡಿಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅನ್ನೋದು ಕಾರಣ. ಆಮೇಲಿನದ್ದು ಮಾಮೂಲಿ. ಒಬ್ಬರು ಶಿಕ್ಷಣವಿರೋಧಿ ಅಂದರು, ಇನ್ನೊಬ್ಬರು ಚುನಾವಣಾ ಗಿಮಿಕ್ ಅಂದರು. ಲೆಕ್ಕದ ಪುಸ್ತಕ ತಂದು ಜನರ ಮುಂದಿಡಿ ಅಂತ ಮಾತ್ರ ಎರಡೂ ಕಡೆಯವರು ಗಂಟಲು ಏರಿಸಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಸ್ವಲ್ಪ ಗಣಿತ ಸಹಿಸಿಕೊಳ್ಳಿ. ವಿವಿ ಅಂದಮೇಲೆ ಒಬ್ಬ ಕುಲಪತಿ, ಆಡಳಿತಕ್ಕೊಬ್ಬ ಕುಲಸಚಿವ, ಮೌಲ್ಯಮಾಪನಕ್ಕೊಬ್ಬ ಕುಲಸಚಿವ, ಒಬ್ಬ ಹಣಕಾಸು ಅಧಿಕಾರಿ ಇರಲೇಬೇಕು. ಅವರ ಕಾರು, ಚೇಂಬರು, ಸಿಂಡಿಕೇಟ್ ಸಭೆಯ ಭತ್ಯೆ, ಘಟಿಕೋತ್ಸವದ ಶಾಮಿಯಾನ. ವಿದ್ಯಾರ್ಥಿಗಳು ಹತ್ತು ಸಾವಿರ ಇರಲಿ, ಒಂದು ಲಕ್ಷ ಇರಲಿ, ಈ ಖರ್ಚು ಹೆಚ್ಚುಕಡಿಮೆ ಅಷ್ಟೇ. ಉದಾಹರಣೆಗೆ ವರ್ಷಕ್ಕೆ 3 ಕೋಟಿ ಅಂದುಕೊಳ್ಳಿ (ಇದು ಯಾವ ವಿವಿಯ ಅಂಕಿಯೂ ಅಲ್ಲ, ಲೆಕ್ಕ ತೋರಿಸೋಕೆ ನಾನು ಹಾಕಿಕೊಂಡಿದ್ದು). ಒಂದು ಲಕ್ಷ ವಿದ್ಯಾರ್ಥಿಗಳಿದ್ದರೆ ತಲೆಗೆ 300 ರೂಪಾಯಿ. ಹತ್ತು ಸಾವಿರ ಇದ್ದರೆ 3,000. ಸರ್ಕಾರ ಕೈ ಬಿಗಿ ಹಿಡಿದರೆ ಈ ಭಾರ ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕದ ಮೇಲೆ ಬೀಳುತ್ತೆ. ಕಾಲೇಜು ಅದನ್ನು ವಸೂಲಿ ಮಾಡೋದು ಯಾರಿಂದ ಅಂತ ಹೇಳಬೇಕಿಲ್ಲ.

ಇಷ್ಟು ಹೇಳಿದರೆ "ಹಾಗಾದ್ರೆ ಮುಚ್ಚೋದೇ ಸರಿ" ಅನ್ನೋ ತೀರ್ಮಾನಕ್ಕೆ ಬರ್ತೀರಿ. ಸ್ವಲ್ಪ ತಡೀರಿ. ಚಾಮರಾಜನಗರ ವಿವಿ ಬಯಲಲ್ಲಿ ಹುಟ್ಟಿದ್ದಲ್ಲ. ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಮೊದಲೇ ಇತ್ತು, ಅದಕ್ಕೇ ಬೋರ್ಡು ಬದಲಾಯಿಸಿದ್ದು. ಅಂದ್ರೆ ಕಟ್ಟಡ, ಪಾಠ, ಅತಿಥಿ ಉಪನ್ಯಾಸಕರು ಎಲ್ಲ ವಿವಿಗಿಂತ ಹಳೆಯವರು. ವಿಲೀನ ಮಾಡಿ ಕೇಂದ್ರವನ್ನು ಹಾಗೇ ಉಳಿಸಿದರೆ ಉಳಿತಾಯ ಆಗೋದು ಮೇಲಿನ ಮಹಡಿಯ ಖರ್ಚು ಮಾತ್ರ. ಕೇಂದ್ರದ ಕೋರ್ಸುಗಳನ್ನೂ ಕತ್ತರಿಸಿದರೆ ಉಳಿತಾಯ ಜಾಸ್ತಿ, ಆದರೆ ಆಗ ಬೆಲೆ ಕಟ್ಟೋದು ಹರದನಹಳ್ಳಿಯ ಹುಡುಗಿ. ಮಾನಸಗಂಗೋತ್ರಿಗೆ 60 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ, ನಿಜ. ದಿನಕ್ಕೆ ಮೂರು-ನಾಲ್ಕು ಗಂಟೆ ಬಸ್ಸಲ್ಲಿ ಕಳೆಯೋ ಮಗಳನ್ನು ಎಷ್ಟು ಮನೆಯವರು ಕಳಿಸ್ತಾರೆ? ಈ ಎರಡು ಥರದ ಉಳಿತಾಯವನ್ನು ಬೇರೆ ಬೇರೆ ಸಾಲಲ್ಲಿ ಬರೆದು ತೋರಿಸದೆ "ಹೊರೆ" ಅನ್ನೋ ಒಂದೇ ಪದದಲ್ಲಿ ಸುತ್ತಿಟ್ಟರೆ ಅದು ಲೆಕ್ಕ ಅಲ್ಲ.

ಮೈಸೂರು ವಿವಿಯ ಪಾಡೂ ನೋಡಿ. 1916ರ ಸಂಸ್ಥೆ. ಜಿಲ್ಲೆಗಳು ಒಂದೊಂದಾಗಿ ಬೇರೆಯಾದಾಗ ಕಾಲೇಜುಗಳ ಜೊತೆ ಶುಲ್ಕದ ಆದಾಯವೂ ಹೋಯಿತು. ನಿವೃತ್ತರ ಪಿಂಚಣಿ ಮಾತ್ರ ಅಲ್ಲೇ ಉಳಿಯಿತು.

ವಿವಿಗಳೆಲ್ಲ ಬಡವ ಅಂತಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ ಪ್ರಕರಣ ನೆನಪಿಸಿಕೊಳ್ಳಿ. ಆದಾಯ ತೆರಿಗೆ ವಿನಾಯಿತಿ ಬೇಕು ಅಂತ ವಿಟಿಯು ಸುಪ್ರೀಂ ಕೋರ್ಟ್ ತನಕ ಹೋಯಿತು. 2016ರ ಏಪ್ರಿಲ್‌ನಲ್ಲಿ ಸೋತಿತು. ಆ ತೀರ್ಪಿನಲ್ಲಿ ದಾಖಲಾಗಿರುವ ಅಂಕಿ ಇದು: 1999ರಿಂದ 2010ರವರೆಗೆ ವಿವಿಯ ಬಳಿ ಖರ್ಚು ಕಳೆದು ಉಳಿದದ್ದು ಸುಮಾರು 500 ಕೋಟಿ. ಸರ್ಕಾರದ ನೇರ ಅನುದಾನ ಒಟ್ಟು ಆದಾಯದ ಸುಮಾರು ಶೇ. 1 ಮಾತ್ರ. ವಿವಿ ಇರೋದು ಶಿಕ್ಷಣಕ್ಕೇ, ಲಾಭಕ್ಕಲ್ಲ ಅಂತ ಕೋರ್ಟ್ ಒಪ್ಪಿತು. ಆದರೆ ಸರ್ಕಾರದ ದುಡ್ಡಲ್ಲಿ ನಡೆಯುವ ಸಂಸ್ಥೆ ಅಂತ ಒಪ್ಪಲಿಲ್ಲ. ಅಂದ್ರೆ ಹೆಸರಿಗೆ ಸರ್ಕಾರಿ, ನಡೆದದ್ದು ಹೆಚ್ಚಾಗಿ ಶುಲ್ಕದ ದುಡ್ಡಲ್ಲಿ. ನನ್ನನ್ನು ಕಾಡೋದು ಸೋಲು-ಗೆಲುವಲ್ಲ. ಶುಲ್ಕ ಕಟ್ಟಿದವರಿಗೆ ತಮ್ಮ ದುಡ್ಡು ಎಷ್ಟು ಕೂಡಿಬಿದ್ದಿದೆ ಅನ್ನೋದು ತೆರಿಗೆ ಜಗಳದ ತೀರ್ಪಿನಲ್ಲಿ ಓದಿ ಗೊತ್ತಾಗಬೇಕಾ?

ಹೊಣೆ ಯಾರದು ಅಂತ ಹುಡುಕಿದರೆ ಸುತ್ತು ತಿರುಗಿ ಮೊದಲಿನ ಜಾಗಕ್ಕೇ ಬರ್ತೀವಿ. ಕುಲಪತಿಯನ್ನು ನೇಮಿಸೋದು ಕುಲಾಧಿಪತಿಗಳಾದ ರಾಜ್ಯಪಾಲರು. ಹಣಕಾಸು ಅಧಿಕಾರಿಯನ್ನು ಕೊಡೋದು ಸರ್ಕಾರ. ಸಿಂಡಿಕೇಟ್‌ನಲ್ಲಿ ಇಬ್ಬರ ನಾಮನಿರ್ದೇಶಿತರೂ ಕೂರ್ತಾರೆ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಆಡಿಟ್ ಮಾಡಿ ಆಕ್ಷೇಪ ಎತ್ತುತ್ತೆ. ಅದಕ್ಕೆ ವಿವಿ ಅನುಪಾಲನಾ ವರದಿ ಕೊಡುತ್ತೆ. ಅಷ್ಟರಲ್ಲಿ ಖರ್ಚಿಗೆ ಸಹಿ ಹಾಕಿದ ಕುಲಪತಿಯ ಅವಧಿ ಮುಗಿದಿರುತ್ತೆ, ಅಧಿಕಾರಿ ಬೇರೆ ಇಲಾಖೆಗೆ ವರ್ಗ ಆಗಿರ್ತಾರೆ. ಕಳ್ಳತನವೇ ಬೇಕಿಲ್ಲ, ಈ ವ್ಯವಸ್ಥೆಯಲ್ಲಿ ಪ್ರಾಮಾಣಿಕರೂ ಯಾರಿಗೂ ಉತ್ತರ ಕೊಡದೆ ಮನೆಗೆ ಹೋಗಬಹುದು.

ನಾವು ಕೂತಿದ್ದ ದೇವಸ್ಥಾನ ಹಳೇ ಕಾಲದ್ದು. ದಾನಶಾಸನ ಅಂದ್ರೆ ಆ ಕಾಲದ ಲೆಕ್ಕಪತ್ರವೇ: ಕೊಟ್ಟವರು ಯಾರು, ಯಾವ ಭೂಮಿ, ಎಲ್ಲೆ ಎಲ್ಲಿ, ಆದಾಯ ಯಾವುದಕ್ಕೆ ಅಂತ ಕಲ್ಲಿಗೆ ಕೆತ್ತಿ ನಿಲ್ಲಿಸೋರು. (ಅದನ್ನು ಓದೋಕೆ ಬರ್ತಿದ್ದವರು ಎಷ್ಟು ಜನ, ಹತ್ತಿರ ಸುಳಿಯೋಕೆ ಬಿಡ್ತಿದ್ದದ್ದು ಯಾರನ್ನ, ಅದು ಬೇರೆ ಚರ್ಚೆ.)

ಈಗಿನ ಕಲ್ಲು 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಸಂಸ್ಥೆ ತನ್ನ ಅಧಿಕಾರಿಗಳ ಮಾಸಿಕ ಸಂಬಳವನ್ನೂ ಬಜೆಟ್ ಹಂಚಿಕೆಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಅರ್ಜಿ ಒಂದೇ ವಿಷಯದ ಬಗ್ಗೆ ಇರಬೇಕು, 150 ಪದ ಮೀರಬಾರದು. ಹಾಗಾಗಿ "ಎಲ್ಲಾ ಭ್ರಷ್ಟಾಚಾರದ ಮಾಹಿತಿ ಕೊಡಿ" ಅಂತ ಬರೆದರೆ ಕೈಗೆ ಏನೂ ಸಿಗಲ್ಲ. ಕಳೆದ ಹಣಕಾಸು ವರ್ಷದಲ್ಲಿ ಶುಲ್ಕದಿಂದ ಬಂದದ್ದೆಷ್ಟು, ಅದರಲ್ಲಿ ವಾಹನ, ಸಭೆ, ಪ್ರಯಾಣಕ್ಕೆ ಹೋದದ್ದೆಷ್ಟು, ಅತಿಥಿ ಉಪನ್ಯಾಸಕರಿಗೆ, ಗ್ರಂಥಾಲಯಕ್ಕೆ ಕೊಟ್ಟದ್ದೆಷ್ಟು, ಆಡಿಟ್ ಆಕ್ಷೇಪಗಳ ಪ್ರತಿ. ಇಷ್ಟು ಸಾಕು.

ಹುಡುಗಿ ನೋಟ್‌ಬುಕ್ಕಿನ ಹಾಳೆ ಹರಿದು ಅಲ್ಲೇ ಬರೆದಳು. ಪದ ಎಣಿಸಿದೆವು, 64. "ಇನ್ನೂ ಜಾಗ ಅದ ಅಣ್ಣಾ" ಅಂತ ಹೇಳಿ ಕೊನೆಗೆ ಹಾಸ್ಟೆಲಿನ ಲೆಕ್ಕವನ್ನೂ ಸೇರಿಸಿದಳು. ಅದು ಬೇರೆ ವಿಷಯ ಆಗುತ್ತೆ, ಅದಕ್ಕೆ ಇನ್ನೊಂದು ಅರ್ಜಿ ಹಾಕಬೇಕು ಅಂದೆ. ಎರಡನೇ ಹಾಳೆ ಹರಿದಳು.