ನಿಮಗಿದು ಗೊತ್ತೇ? ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗೆ ಮರುಜೀವ

ಕಾಸು ಹಾಕಿ, ನಿಂತು ಆಡುತ್ತಿದ್ದ ಆಳೆತ್ತರದ ವಿಡಿಯೋ ಗೇಮ್ ಪೆಟ್ಟಿಗೆಯೊಂದು ಗುಜರಿಗೆ ಹೋಗುವ ಮೊದಲು ನಿಮ್ಮ ಕೈಸೇರಿದೆಯೇ? ನಿಮ್ಮ ಮನೆ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಇದ್ದರೆ ಅದೃಷ್ಟವಂತರು. ಮರಕ್ಕೆ ಮೈಸೂರು ರಸ್ತೆಯ ನ್ಯೂ ಟಿಂಬರ್ ಯಾರ್ಡ್ ಲೇಔಟ್, ತಗಡಿನ ಕೆಲಸಕ್ಕೆ ಕಾಮಾಕ್ಷಿಪಾಳ್ಯ, ಬಿಡಿಭಾಗಕ್ಕೆ ಎಸ್.ಪಿ. ರಸ್ತೆ. ಮುಕ್ಕಾಲು ಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್ ಶಾಕ್ ಹೊಡೆಯಬಲ್ಲದು, ಗೊತ್ತೇ? ಬಣ್ಣದ ಟ್ಯೂಬಿಗೆ ಸುಮಾರು 20ರಿಂದ 25 ಸಾವಿರ ವೋಲ್ಟ್ ಬೇಕು. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ವಿದ್ಯುತ್ ಹರಿಯುವ ಕಪ್ಪು ಲೇಪ ಇರುತ್ತದೆ. ನಡುವೆ ಗಾಜು, ಎರಡು ಬದಿ ಲೇಪ. ಅಂದರೆ ಇಡೀ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್! ಸ್ವಿಚ್ ಆರಿಸಿ ದಿನಗಳಾದರೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಟಿವಿ ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರ್‌ಗೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಲೇಪಕ್ಕೆ ತಾಗಿದ ಅರ್ತ್ ತಂತಿಗೆ ಸೇರಿಸಿ, ಟ್ಯೂಬಿಗೆ ಹೈವೋಲ್ಟೇಜ್ ತಂತಿ ಸೇರುವಲ್ಲಿರುವ ರಬ್ಬರ್ ಟೋಪಿಯ ಕೆಳಗೆ ಸ್ಕ್ರೂಡ್ರೈವರಿನ ಮೊನೆಯನ್ನು ಒಂದೇ ಕೈಯಲ್ಲಿ ತೂರಿಸುತ್ತಾರೆ. ‘ಟಪ್’ ಎಂಬ ಸದ್ದು ಬಂದರೆ ಚಾರ್ಜ್ ಇಳಿಯಿತು ಎಂದು ಲೆಕ್ಕ. ದಯವಿಟ್ಟು ಇದನ್ನು ಓದಿ ಮಾಡಲು ಹೋಗಬೇಡಿ. ಬಲ್ಲವರ ಪಕ್ಕ ನಿಂತು ನೋಡಿ ಕಲಿಯಿರಿ.

ಟಿವಿ ಪಿಕ್ಚರ್ ಟ್ಯೂಬ್ ನಮ್ಮ ಊರಿನಲ್ಲೇ ತಯಾರಾಗುತ್ತಿತ್ತು. ಜಾಲಹಳ್ಳಿಯ ಬಿಇಎಲ್ 1970ರ ದಶಕದಲ್ಲಿ ಕಪ್ಪು-ಬಿಳುಪು ಟ್ಯೂಬ್‌ಗಳನ್ನು ತಯಾರಿಸುತ್ತಿತ್ತು.

ಗೇಮ್ ಪೆಟ್ಟಿಗೆಯನ್ನು ಟಿವಿ ಮೆಕ್ಯಾನಿಕ್ ಹೇಗೆ ರಿಪೇರಿ ಮಾಡಿಯಾರು ಎಂಬ ಅನುಮಾನವೇ? ನಮ್ಮ ಹಳೆಯ ಟಿವಿ ಸೆಕೆಂಡಿಗೆ 15,625 ಗೆರೆ ಎಳೆಯುತ್ತಿತ್ತು. ಆ ಕಾಲದ ಬಹುತೇಕ ಗೇಮ್ ಪೆಟ್ಟಿಗೆಗಳದೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇನ್ನೊಂದು ಕಡೆ ಇದೆ: ಟಿವಿ ಸೆಕೆಂಡಿಗೆ 50 ಸಲ ಪರದೆ ತುಂಬಿಸಿದರೆ, ಗೇಮ್ ಬೋರ್ಡ್ ಸುಮಾರು 60 ಸಲ. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಲೇ ಇದ್ದರೆ ಟ್ಯೂಬ್ ಕೆಟ್ಟಿತೆಂದು ಎದೆಗುಂದಬೇಡಿ. ಮೊದಲು ವರ್ಟಿಕಲ್ ಹೋಲ್ಡ್ ಗುಂಡಿ ತಿರುವಿ ನೋಡಿ. ಟ್ಯೂಬ್ ಕಿತ್ತು ಎಲ್‌ಸಿಡಿ ಕೂರಿಸುವ ಸಲಹೆ ಎಲ್ಲರೂ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಈ ಆಟಗಳ ಚಿತ್ರಗಳನ್ನು ಬರೆದವರು ಟ್ಯೂಬಿನ ಗೆರೆಗಳನ್ನೂ ಅದರ ಮೃದು ಹೊಳಪನ್ನೂ ಕಣ್ಣಮುಂದೆ ಇಟ್ಟುಕೊಂಡೇ ಬರೆದವರು. ಎಲ್‌ಸಿಡಿಯಲ್ಲಿ ಅದೇ ಚಿತ್ರ ಚೌಕ ಚೌಕವಾಗಿ ಒಡೆದು ಕಾಣುತ್ತದೆ.

1980ರ ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ ಟ್ಯೂಬನ್ನು ಪಕ್ಕಕ್ಕೆ ಹೊರಳಿಸಿ, ನೆಟ್ಟಗೆ ನಿಲ್ಲಿಸಿರುತ್ತಾರೆ. ತಪ್ಪು ಜೋಡಣೆ ಎಂದುಕೊಂಡು ‘ಸರಿ’ ಮಾಡಬೇಡಿ!

1978ರಲ್ಲಿ ಜಪಾನಿನ ಟೈಟೊ ಕಂಪನಿ ತಂದ ಸ್ಪೇಸ್ ಇನ್ವೇಡರ್ಸ್ ಮೂಲತಃ ಕಪ್ಪು-ಬಿಳುಪು ಆಟ. ಅದರಲ್ಲಿ ಕಾಣುತ್ತಿದ್ದ ಹಸಿರು, ಕಿತ್ತಳೆ ಬಣ್ಣಗಳು ಪರದೆಯ ಮುಂದೆ ಇಟ್ಟ ಬಣ್ಣದ ಪಾರದರ್ಶಕ ಹಾಳೆಯವು. ಗಾಜು ಒರೆಸುವಾಗ ಆ ಹಾಳೆಯನ್ನು ಹಳೆಯ ಪ್ಲಾಸ್ಟಿಕ್ ಎಂದು ಎಸೆದರೆ ಆಟದ ಬಣ್ಣವೇ ಹೋಯಿತು. ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗ ಹೆಚ್ಚಿಸಿಕೊಳ್ಳುವುದಕ್ಕೂ ಕಾರಣವಿದೆ: ಬರೆಯಬೇಕಾದ ಚಿತ್ರ ಕಡಿಮೆಯಾದಷ್ಟೂ ಒಳಗಿನ ಪ್ರೊಸೆಸರ್ ಚುರುಕಾಗುತ್ತಿತ್ತು.

ಬೋರ್ಡಿನ ಮೇಲೆ ಕಿಟಕಿಯಿರುವ ಚಿಪ್ ಕಂಡರೆ ಅದರ ಮೇಲಿನ ಸ್ಟಿಕ್ಕರ್ ಕೀಳಬೇಡಿ. ಅದು ಇಪ್ರಾಮ್. ಆಟವೆಲ್ಲ ಅದರೊಳಗೇ ಇರುವುದು. ಅತಿನೇರಳೆ ಬೆಳಕು ಬಿದ್ದರೆ ಅಳಿಸಿಹೋಗುತ್ತದೆ. ನೇರ ಬಿಸಿಲಿಗೆ ವಾರದ ಹೊತ್ತು ಸಾಕು. ತೊಳೆದ ಬೋರ್ಡನ್ನು ತಾರಸಿಯಲ್ಲಿ ಒಣಗಿಸುವವರು ಇದನ್ನು ನೆನಪಿಡಿ.

ಬ್ಯಾಟರಿ ಸತ್ತರೆ ಆಟವೇ ಸಾಯುವ ಬೋರ್ಡ್ ಇದೆ ಎಂದರೆ ನಂಬುತ್ತೀರಾ? ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಸಿಪಿಎಸ್-2 ಅಂಥದ್ದು. ನಕಲು ತಡೆಯಲು ಆಟವನ್ನು ಗೂಢಲಿಪಿಯಲ್ಲಿ ಬರೆದು, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯ ಬಲದಲ್ಲಿ ನಿಲ್ಲುವ ಮೆಮೊರಿಯಲ್ಲಿ ಇಟ್ಟರು. ಬ್ಯಾಟರಿ ಬತ್ತಿದ ದಿನ ಕೀಲಿಯೂ ಮಾಯ. ಇಂಥ ಬೋರ್ಡ್ ಕೈಸೇರಿದರೆ ಬ್ಯಾಟರಿಯ ಸ್ಥಿತಿ ತಿಳಿದ ಮೇಲೆಯೇ ಉಳಿದ ಕೆಲಸ.

ಜಪಾನಿನ ಪೆಟ್ಟಿಗೆ 100 ವೋಲ್ಟಿನದು, ಅಮೆರಿಕದ್ದು ಸುಮಾರು 120. ನಮ್ಮ ಮನೆಯ ಗೋಡೆಯಲ್ಲಿರುವುದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಒಮ್ಮೆ ಸಿಕ್ಕಿಸಿದರೂ ಹೊಗೆ ಬಂದೀತು.

ಜಮ್ಮಾ ಎಂಬುದು 1980ರ ದಶಕದ ನಡುವೆ ಜಪಾನಿನಲ್ಲಿ ಹುಟ್ಟಿದ ವೈರಿಂಗ್ ಒಪ್ಪಂದ. ಅದರ ಕನೆಕ್ಟರಿನಲ್ಲಿ ಬದಿಗೆ 28ರಂತೆ 56 ಪಿನ್. ಒಂದೇ ಪೆಟ್ಟಿಗೆಗೆ ಹತ್ತಾರು ಆಟದ ಬೋರ್ಡ್ ಬದಲಿಸಲು ಸಾಧ್ಯವಾದದ್ದು ಇದರಿಂದ. ತಿರುಗುಮುರುಗಾಗಿ ಚುಚ್ಚಿದರೆ ಮಾತ್ರ ಬೋರ್ಡ್ ಸುಟ್ಟುಹೋದೀತು.

ಪೆಟ್ಟಿಗೆ ಮೊದಲು ಕೊಳೆಯುವುದು ಬುಡದಲ್ಲಿ. ನಮ್ಮಲ್ಲಿ ದಿನವೂ ನೆಲ ಒರೆಸುತ್ತೇವಲ್ಲ, ಆ ತೇವವನ್ನು ಪಾರ್ಟಿಕಲ್ ಬೋರ್ಡ್ ಹೀರಿ ಬನ್ನಿನಂತೆ ಉಬ್ಬುತ್ತದೆ. ಕೊಳೆತ ಭಾಗಕ್ಕೆ ಪ್ಲೈವುಡ್ ತರುವಾಗ ಹಾಳೆಯ ಮೇಲಿನ ಐಎಸ್ 303 ಮುದ್ರೆ ನೋಡಿ. ಅದರಲ್ಲಿ ಎಂಆರ್ ದರ್ಜೆ ಬರಿಯ ತೇವ ತಡೆದರೆ, ಬಿಡಬ್ಲ್ಯೂಆರ್ ಕುದಿಯುವ ನೀರಿನ ಪರೀಕ್ಷೆಗೂ ನಿಲ್ಲುತ್ತದೆ. ಬುಡಕ್ಕೆ ಎರಡನೆಯದೇ ಇರಲಿ, ಕೆಳಗೆ ನಾಲ್ಕು ರಬ್ಬರ್ ಬುಷ್ ಇರಲಿ. ಪ್ಲೈವುಡ್ ಸಂಶೋಧನೆಗೆಂದೇ 1962ರಲ್ಲಿ ಸ್ಥಾಪನೆಯಾದ ಸಂಸ್ಥೆ ಇರುವುದೂ ನಮ್ಮ ತುಮಕೂರು ರಸ್ತೆಯಲ್ಲೇ.

ಕಾಸಿನ ಬಾಗಿಲನ್ನು ಪೌಡರ್ ಕೋಟಿಂಗ್‌ಗೆ ಕೊಡುವ ಮುನ್ನ ಪ್ಲಾಸ್ಟಿಕ್, ಸ್ಪ್ರಿಂಗ್, ಸ್ವಿಚ್ ಎಲ್ಲ ಬಿಚ್ಚಿ ತೆಗೆಯಿರಿ. ಅವರ ಒಲೆಯಲ್ಲಿ 180 ಡಿಗ್ರಿಗೂ ಮಿಕ್ಕಿದ ಶಾಖ ಇರುತ್ತದೆ.

ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರ್‌ಗಳ ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು ಎಂಬುದು ಗೊತ್ತೇ? ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ, ತೀರ್ಪು ಬಂದದ್ದು 1995ರಲ್ಲಿ. ಸಾರ್ವಜನಿಕ ಮನರಂಜನೆಯ ಸ್ಥಳಗಳ ನಿಯಂತ್ರಣಕ್ಕೆಂದು ಬೆಂಗಳೂರು ನಗರಕ್ಕೆ ಹೊರಡಿಸಿದ 1989ರ ಆದೇಶ ವಿಡಿಯೋ ಗೇಮ್‌ಗಳಿಗೂ ಅನ್ವಯಿಸುತ್ತದೆ, ಲೈಸೆನ್ಸ್ ಬೇಕು ಎಂದು ನ್ಯಾಯಾಲಯ ಹೇಳಿತು. ಕೌಶಲದ ಆಟದ ಜೊತೆಗೆ ಜೂಜಿನ ಪೆಟ್ಟಿಗೆಗಳೂ ಪಾರ್ಲರ್ ಹೊಕ್ಕಿದ್ದ ಕಾಲ ಅದು. ನಮ್ಮ ಊರಿನ ಆಟದ ಚರಿತ್ರೆ ಹೀಗೆ ಕಾನೂನು ಪುಸ್ತಕದಲ್ಲಿ ಉಳಿದಿದೆ. ಪೆಟ್ಟಿಗೆಗಳ ರೂಪದಲ್ಲೂ ಅದು ಉಳಿಯಲಿ ಎಂಬುದೇ ನನ್ನ ಆಸೆ.

ಕೊನೆಯದಾಗಿ ಕಾಸಿನ ಸಂಗತಿ. ಹಳೆಯ ಕಾಸಿನ ಯಂತ್ರಗಳಲ್ಲಿ ಕಬ್ಬಿಣದ ಬಿಲ್ಲೆ ಹಾಕಿ ಮೋಸ ಮಾಡುವವರನ್ನು ಹಿಡಿಯಲು ಅಯಸ್ಕಾಂತ ಇರುತ್ತದೆ. 1992ರಿಂದ ಬಂದ ನಮ್ಮ ಸ್ಟೀಲಿನ ಒಂದು ರೂಪಾಯಿ ನಾಣ್ಯವೋ ಅಯಸ್ಕಾಂತಕ್ಕೆ ಅಂಟುತ್ತದೆ! ಆದ್ದರಿಂದ ನೀವು ಹಾಕಿದ ಅಸಲಿ ರೂಪಾಯಿ ಒಳಗೆ ಸಿಕ್ಕಿಕೊಂಡರೆ ಯಂತ್ರ ಕೆಟ್ಟಿದೆ ಎನ್ನಬೇಡಿ. ಹಿತ್ತಾಳೆಯ ಟೋಕನ್ ಹಾಕಿ ನೋಡಿ.